ದೇವಗಡದ ದೀಪಕ್ಕೂ ಧಾರವಾಡದ ಹತ್ತಿಗೂ ಏನು ನಂಟು?

ಕಾರವಾರದಿಂದ ದೋಣಿ ಹತ್ತಿ ದೇವಗಡ ದ್ವೀಪಕ್ಕೆ ಹೋಗಿದ್ದೆವು. ನಕ್ಷೆಗಳಲ್ಲಿ ಇದರ ಹೆಸರು ಆಯ್ಸ್ಟರ್ ರಾಕ್. ಗುಡ್ಡವೇರಿ ದೀಪಸ್ತಂಭದ ಬುಡ ತಲುಪುವಷ್ಟರಲ್ಲಿ ಗಾಳಿಯ ರಭಸಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಬ್ರಿಟಿಷರು ಇದನ್ನು ಕಟ್ಟಿದ್ದು 1864ರಲ್ಲಿ. ಆಗಲೇ ಯಾಕೆ?

ಉತ್ತರ ಸಿಗುವುದು ಘಟ್ಟದ ಮೇಲೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ಬಹುತೇಕ ನಿಂತಿತು. ವ್ಯಾಪಾರಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಹಡಗಿಗೇರಿಸಲು ಹತ್ತಿರದಲ್ಲೊಂದು ಬಂದರು ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ಬಿಡಿಸಿ, ಧಾರವಾಡವಿದ್ದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಹತ್ತಿಯ ಅಂಡಿಗೆ ಹೇರಿದ ಗಾಡಿಗಳು ಘಟ್ಟ ಇಳಿದವು. ಬಂದರು ಬೆಳೆಯಬೇಕಾದರೆ ಬಾಗಿಲಲ್ಲಿ ದೀಪ ಬೇಡವೇ?

1865ಕ್ಕೆ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಬರಬೇಕಿದ್ದ ರೈಲು ಬರಲಿಲ್ಲ. 1888ರಲ್ಲಿ ರೈಲುಹಳಿ ಗೋವಾದ ಮುರಗಾಂವ್ ಬಂದರು ಸೇರಿತು. ಸರಕೂ ಅದರ ಹಿಂದೆಯೇ ಹೋಯಿತು.

ಹುಬ್ಬಳ್ಳಿ–ಅಂಕೋಲಾ ರೈಲಿನ ಬೇಡಿಕೆಯ ಸುದ್ದಿಯನ್ನು ನಾವು ಇವತ್ತಿಗೂ ಬರೆದು ಕಳಿಸುತ್ತಲೇ ಇದ್ದೇವೆ. ಅದು ಎಷ್ಟು ಹಳೆಯ ಸುದ್ದಿ ಎಂದು ತಿಳಿದದ್ದು ದೇವಗಡದ ನೆತ್ತಿಯ ಮೇಲೆ ನಿಂತಾಗ. ಹತ್ತಿ ಹೋಯಿತು, ದೀಪ ಉಳಿಯಿತು. ಮೀನುಗಾರರಿಗೆ ಅದು ಈಗಲೂ ದಾರಿ ತೋರಿಸುತ್ತಿದೆ.