ಧೂಮಕೇತುವಿನ ಹೊಡೆತ: ಕಪ್ಪುಕಲ್ಲಿನಿಂದ ಕಂಪ್ಯೂಟರಿನವರೆಗೆ

ಧೂಮಕೇತು ಗ್ರಹಕ್ಕೆ ಅಪ್ಪಳಿಸುವುದನ್ನು ಅನಿಮೇಷನ್ನಿನಲ್ಲಿ ಸರಿಯಾಗಿ ತೋರಿಸಲು ಚಿತ್ರಕಾರರ ಕಲ್ಪನೆಯೊಂದೇ ಸಾಲದು. ಅದು ಬಂದ ವೇಗ, ಬಿದ್ದ ಕೋನ, ಹೊಡೆತ ತಿಂದ ಕಲ್ಲು ಅಥವಾ ಅನಿಲ ಆ ಒತ್ತಡದಲ್ಲಿ ನಡೆದುಕೊಳ್ಳುವ ರೀತಿ, ಇವೆಲ್ಲ ಮೊದಲು ಲೆಕ್ಕಕ್ಕೆ ಸಿಗಬೇಕು. ಈ ಲೆಕ್ಕ ಕೈಗೂಡಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

1960ರ ದಶಕದಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ ಡೊನಾಲ್ಡ್ ಗಾಲ್ಟ್ ಮತ್ತು ಸಹೋದ್ಯೋಗಿಗಳು ಸಣ್ಣ ಗುಂಡುಗಳನ್ನು ಅತಿವೇಗದಲ್ಲಿ ಮರಳಿಗೆ ಹಾರಿಸಿ, ಕುಳಿ ಬೀಳುವುದನ್ನು ಕ್ಷಣಕ್ಷಣವೂ ಚಿತ್ರೀಕರಿಸಿದರು. ಸಿಡಿದ ಮರಳು ಮೇಲಕ್ಕೆ ಅಗಲವಾಗುತ್ತಾ ಹೋಗುವ ಪರದೆಯಂತೆ ಏಳುತ್ತದೆ. ಗುಂಡು ಓರೆಯಾಗಿ ಬಂದರೂ ಕುಳಿ ದುಂಡಗೇ ಇರುತ್ತದೆ. ನೆಲ ಸವರುವಂತೆ ಬಂದರೆ ಮಾತ್ರ ಉದ್ದವಾಗುತ್ತದೆ.

ಪ್ರಯೋಗಕ್ಕೆ ನೆಲದ ಸಾಕ್ಷಿಯೂ ಬೇಕಿತ್ತು. ಅಂಥ ಒಂದು ಸಾಕ್ಷಿ ನಮ್ಮ ಕಪ್ಪುಕಲ್ಲಿನ ನೆಲದಲ್ಲೇ ಇದೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ, ಮಟಕಿ ಊರಿನ ಸುತ್ತಲಿನ ಎರೆಹೊಲಗಳ ಅಡಿಯಲ್ಲಿರುವುದು ಡೆಕ್ಕನ್ ಟ್ರ್ಯಾಪ್‌ನ ಬಸಾಲ್ಟ್, ಅಂದರೆ ಹರಿದು ತಣಿದ ಲಾವಾದ ಕಪ್ಪುಕಲ್ಲು. ಉತ್ತರಕ್ಕೆ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲೂ ಇದೇ ಕಲ್ಲಿನ ಹಾಸಿದೆ. ಅಲ್ಲಿರುವ ಲೋಣಾರ್ ಸರೋವರ ಸುಮಾರು 1.8 ಕಿ.ಮೀ. ಅಗಲದ ಕುಳಿ. ಅದು ಜ್ವಾಲಾಮುಖಿಯ ಬಾಯಿ ಎಂಬ ಅಭಿಪ್ರಾಯ ಬಹುಕಾಲ ಇತ್ತು. 1973ರಲ್ಲಿ ಫ್ರೆಡ್ರಿಕ್‌ಸನ್ ಮತ್ತು ಸಂಗಡಿಗರು ಅಲ್ಲಿನ ಕಲ್ಲುಗಳಲ್ಲಿ ಮ್ಯಾಸ್ಕೆಲಿನೈಟ್ ಇರುವುದನ್ನು ತೋರಿಸಿ, ಇದು ಆಕಾಶಕಾಯ ಬಡಿದು ಆದ ಕುಳಿಯೆಂದು ಸಾಧಿಸಿದರು. ಫೆಲ್ಡ್‌ಸ್ಪಾರ್ ಹರಳು ಭಾರಿ ಆಘಾತಕ್ಕೆ ಸಿಕ್ಕಿ ಗಾಜಾದಾಗ ಮ್ಯಾಸ್ಕೆಲಿನೈಟ್ ಹುಟ್ಟುತ್ತದೆ. ಚಂದ್ರ ಮತ್ತು ಮಂಗಳದಲ್ಲೂ ಬಸಾಲ್ಟ್ ಹೇರಳ. ಹಾಗಾಗಿ ಅಲ್ಲಿನ ಕುಳಿಗಳನ್ನು ಅರಿಯಲು ಲೋಣಾರ್ ಕೈಗೆಟಕುವ ಮಾದರಿಯಾಯಿತು.

ಲೆಕ್ಕಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು 1994ರ ಜುಲೈ 16ರಿಂದ 22ರವರೆಗೆ. ಗುರುವಿನ ಸೆಳೆತಕ್ಕೆ 1992ರಲ್ಲೇ ಒಡೆದಿದ್ದ ಶೂಮೇಕರ್–ಲೆವಿ 9 ಧೂಮಕೇತುವಿನ ತುಂಡುಗಳು ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗದಲ್ಲಿ ಆ ಗ್ರಹಕ್ಕೆ ಬಡಿದವು. ಬಡಿದ ಜಾಗ ಗುರುವಿನ ಅಂಚಿನಾಚೆ, ಭೂಮಿಗೆ ಮರೆಯಾಗಿತ್ತು. ಆದರೂ ಬೆಂಕಿಯುಂಡೆಗಳು ಅಂಚಿನ ಮೇಲೆದ್ದು ಕಾಣುತ್ತವೆ ಎಂದು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಮಾರ್ಕ್ ಬಾಸ್ಲೋ, ಡೇವಿಡ್ ಕ್ರಾಫರ್ಡ್ ತಂಡ ಸೂಪರ್ ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಮೊದಲೇ ಹೇಳಿತ್ತು. ಹಬಲ್ ದೂರದರ್ಶಕ ಸುಮಾರು 3,000 ಕಿ.ಮೀ. ಎತ್ತರಕ್ಕೆ ಚಿಮ್ಮಿದ ಹೊಗೆಕಂಬಗಳನ್ನು ಚಿತ್ರೀಕರಿಸಿತು. 'ಜಿ' ತುಂಡು ಬಿದ್ದಲ್ಲಿ ಹೆಚ್ಚುಕಡಿಮೆ ಭೂಮಿಯಷ್ಟೇ ಅಗಲದ ಕಪ್ಪು ಕಲೆ ಮೂಡಿತು.

ಇಂಥ ಲೆಕ್ಕದಲ್ಲಿ ಗ್ರಹವನ್ನೂ ಧೂಮಕೇತುವನ್ನೂ ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸುತ್ತಾರೆ. ಪ್ರತಿ ಕೋಶದ ಒತ್ತಡ, ಸಾಂದ್ರತೆ, ಉಷ್ಣತೆ ಕ್ಷಣಕ್ಷಣಕ್ಕೂ ಹೊಸದಾಗಿ ಲೆಕ್ಕವಾಗುತ್ತವೆ. ಅನಿಮೇಷನ್ ತಯಾರಕರು ಆ ಅಂಕಿಗಳಿಗೆ ಬಣ್ಣ, ಬೆಳಕು ಕೊಡುತ್ತಾರೆ. ಧೂಮಕೇತುವಿನ ಬಾಲ ಅದು ಸಾಗಿಬಂದ ಹಾದಿಯಲ್ಲಿ ಹೊಗೆಯಂತೆ ಹಿಂದುಳಿಯದೆ ಸೂರ್ಯನ ವಿರುದ್ಧ ದಿಕ್ಕಿಗೆ ಚಾಚಿರುತ್ತದೆ ಎಂಬ ಎಚ್ಚರವೂ ಬೇಕು.

ವಿಜ್ಞಾನವನ್ನು ಕಣ್ಣಿಗೆ ಕಟ್ಟಿಕೊಡುವ ಸಂಸ್ಥೆಗಳು ಕರ್ನಾಟಕದಲ್ಲೂ ಬೆಳೆದವು: 1984ರಲ್ಲಿ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ, 1989ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, 2018ರಲ್ಲಿ ಮಂಗಳೂರು ಬಳಿಯ ಪಿಲಿಕುಳದಲ್ಲಿ ತ್ರೀಡಿ ತಾರಾಲಯ. ಗುಮ್ಮಟದ ಪರದೆಯಲ್ಲಿ ಇಂಥ ಡಿಕ್ಕಿಯನ್ನು ತೋರಿಸುವಾಗ, ಲೆಕ್ಕದಿಂದ ಬಂದದ್ದು ಯಾವುದು, ಅಂದಕ್ಕಾಗಿ ಸೇರಿಸಿದ್ದು ಯಾವುದು ಎಂಬುದನ್ನು ಪ್ರೇಕ್ಷಕರಿಗೆ ತಿಳಿಸುವುದೂ ವೈಜ್ಞಾನಿಕ ನಿಖರತೆಯ ಭಾಗವೇ.