ಒಂದು ಅಗುಳು, ಒಂದು ಕೋಟಿ ಕಾಗದ

ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಮನೆಯಾಕೆ ಪಾತ್ರೆಯನ್ನೆಲ್ಲ ಬರಿದು ಮಾಡುವುದಿಲ್ಲ. ಒಂದೆರಡು ಅಗುಳು ಹಿಸುಕಿ ನೋಡುತ್ತಾಳೆ. ಜನಾಭಿಪ್ರಾಯವನ್ನು ಅಳೆಯುವ ವಿದ್ಯೆಯ ಮೂಲವೂ ಇದೇ. ಆದರೆ ಅಗುಳನ್ನು ಪಾತ್ರೆಯ ಯಾವ ಮೂಲೆಯಿಂದ ತೆಗೆಯಬೇಕು? ಈ ಪ್ರಶ್ನೆಯನ್ನು ಅಲಕ್ಷಿಸಿದ ಹೆಸರಾಂತ ವಾರಪತ್ರಿಕೆಯೊಂದರ ಕಥೆಯನ್ನು ವಾಚಕರು ಅವಶ್ಯವಾಗಿ ತಿಳಿಯಬೇಕು.

ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆಯು 1916ರಿಂದ ಪ್ರತಿ ಅಧ್ಯಕ್ಷ ಚುನಾವಣೆಗೆ ಮುನ್ನ ಜನರ ಒಲವನ್ನು ಅಂಚೆಯ ಮೂಲಕ ವಿಚಾರಿಸುತ್ತಿತ್ತು. 1932ರವರೆಗಿನ ಐದು ಚುನಾವಣೆಗಳಲ್ಲಿಯೂ ಗೆಲ್ಲುವವರನ್ನು ಅದು ಸರಿಯಾಗಿಯೇ ಹೇಳಿತು. 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರಿಗೂ ಕ್ಯಾನ್ಸಸ್ ರಾಜ್ಯಪಾಲ ಲ್ಯಾಂಡನ್ನರಿಗೂ ಸ್ಪರ್ಧೆ. ಪತ್ರಿಕೆಯು ಸುಮಾರು ಒಂದು ಕೋಟಿ ಮಾದರಿ ಮತಪತ್ರಗಳನ್ನು ಕಳುಹಿಸಿತು. ಮರಳಿ ಬಂದವು 23 ಲಕ್ಷಕ್ಕೂ ಹೆಚ್ಚು. ಲ್ಯಾಂಡನ್ನರಿಗೆ ಶೇಕಡಾ 57 ಎಂದು ಪತ್ರಿಕೆ ಸಾರಿತು.

ಅದೇ ಕಾಲದಲ್ಲಿ ಜಾರ್ಜ್ ಗ್ಯಾಲಪ್ ಎಂಬವರು ಬೇರೆ ಮಾತು ಹೇಳುತ್ತಿದ್ದರು. ವೃತ್ತಪತ್ರಿಕೆಯ ಯಾವ ಭಾಗವನ್ನು ಜನ ನಿಜವಾಗಿ ಓದುತ್ತಾರೆಂದು ಶೋಧಿಸಿ, ಜಾಹೀರಾತು ಸಂಸ್ಥೆಯಲ್ಲಿ ಕೆಲಸ ಮಾಡಿದವರು ಅವರು. ಕೊಳ್ಳುವವನ ಮನಸ್ಸನ್ನು ಅರಿಯುವ ಉಪಾಯದಿಂದಲೇ ಮತದಾರನ ಮನಸ್ಸನ್ನೂ ಅರಿಯಬಹುದೆಂದು ಬಗೆದು 1935ರಲ್ಲಿ ಅಭಿಪ್ರಾಯ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಸುಮಾರು 50,000 ಜನರನ್ನು ವಿಚಾರಿಸಿ, ರೂಸ್‌ವೆಲ್ಟರೇ ಗೆಲ್ಲುವರೆಂದರು. ಅಷ್ಟೇ ಅಲ್ಲ, ಪತ್ರಿಕೆಯ ಎಣಿಕೆ ತಪ್ಪಾಗುವುದೆಂದೂ ಮುಂಚಿತವಾಗಿಯೇ ಪ್ರಕಟಿಸಿದರು. ಚುನಾವಣೆಯಲ್ಲಿ ರೂಸ್‌ವೆಲ್ಟರಿಗೆ ಶೇಕಡಾ 61ರಷ್ಟು ಮತ. 48 ರಾಜ್ಯಗಳಲ್ಲಿ 46 ಅವರ ಪಾಲಾದವು. 1938ರಲ್ಲಿ ಪತ್ರಿಕೆ ನಿಂತುಹೋಯಿತು.

ಒಂದು ಕೋಟಿ ಸೋತು ಐವತ್ತು ಸಾವಿರ ಗೆದ್ದದ್ದು ಹೇಗೆ? ಪತ್ರಿಕೆಯು ವಿಳಾಸಗಳನ್ನು ಬಹುಮಟ್ಟಿಗೆ ಟೆಲಿಫೋನ್ ಪಟ್ಟಿಗಳಿಂದಲೂ ಮೋಟಾರುಗಳ ನೋಂದಣಿಯಿಂದಲೂ ಆರಿಸಿತ್ತು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಟೆಲಿಫೋನಾಗಲಿ ಮೋಟಾರಾಗಲಿ ಇಲ್ಲದ ಬಡವನಿಗೂ ನಿರುದ್ಯೋಗಿಗೂ ಮತವಿತ್ತು, ಆದರೆ ಪಟ್ಟಿಯಲ್ಲಿ ಹೆಸರಿರಲಿಲ್ಲ. ಇನ್ನೊಂದು ಕಾರಣವನ್ನು ಸಂಶೋಧಕರು ಬಹುಕಾಲದ ತರುವಾಯ ಎತ್ತಿ ತೋರಿದರು: ಕಾಗದ ತಲುಪಿದವರಲ್ಲಿಯೂ ಉತ್ತರ ಬರೆಯುವ ಉತ್ಸಾಹ ಲ್ಯಾಂಡನ್ ಪಕ್ಷದವರಲ್ಲಿ ಹೆಚ್ಚು. ಸುಮ್ಮನಿದ್ದವರ ಒಲವು ರೂಸ್‌ವೆಲ್ಟರ ಕಡೆಗಿತ್ತು.

ಬಾನುಲಿಗೂ ಈ ದೋಷ ತಟ್ಟದೆ ಇರಲಿಲ್ಲ. 1930ರಲ್ಲಿ ಆರ್ಚಿಬಾಲ್ಡ್ ಕ್ರಾಸ್ಲಿಯವರು ಅಮೆರಿಕದ ಮನೆಗಳಿಗೆ ಟೆಲಿಫೋನ್ ಮಾಡಿ, ಯಾವ ಕಾರ್ಯಕ್ರಮ ಕೇಳಿದಿರೆಂದು ವಿಚಾರಿಸುವ ಪದ್ಧತಿ ಆರಂಭಿಸಿದರು. ರೇಡಿಯೊ ಇದ್ದೂ ಟೆಲಿಫೋನ್ ಇಲ್ಲದ ಮನೆಯ ಅಭಿರುಚಿ ಆ ಲೆಕ್ಕಕ್ಕೆ ಬರಲೇ ಇಲ್ಲ.

ಗ್ಯಾಲಪ್ಪರೂ ಅಜೇಯರಾಗಿ ಉಳಿಯಲಿಲ್ಲ. 1948ರಲ್ಲಿ ಅವರೂ ಕ್ರಾಸ್ಲಿಯವರೂ ಡ್ಯೂಯಿ ಗೆಲ್ಲುವರೆಂದರು, ಗೆದ್ದವರು ಟ್ರೂಮನ್. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಬಡವರು ಎಂದು ಪಾಲು ಗೊತ್ತುಮಾಡಿ, ವ್ಯಕ್ತಿಗಳ ಆಯ್ಕೆಯನ್ನು ಪ್ರಶ್ನೆಗಾರರಿಗೇ ಬಿಟ್ಟದ್ದು ಒಂದು ದೋಷ. ಕೊನೆಯ ವಾರಗಳಲ್ಲಿ ಜನರ ಮನಸ್ಸು ಹೊರಳಿದ್ದನ್ನು ಅಳೆಯದೆ ಹೋದದ್ದು ಇನ್ನೊಂದು. ಆ ಮೇಲೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸುವ ಕ್ರಮಕ್ಕೆ ಬೆಲೆ ಬಂದಿತು. ನಮ್ಮ ದೇಶದಲ್ಲಿ ಮಹಲನೋಬಿಸರ ನೇತೃತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ಈ ತತ್ತ್ವವನ್ನೇ ಹಿಡಿದು, ಮನೆಮನೆಯ ಖರ್ಚುವೆಚ್ಚವನ್ನು ಕೇಳಲು ಹಳ್ಳಿಗಳಿಗೂ ಹೋಯಿತು.

ಆದ್ದರಿಂದ ಇಂತಹ ಅಂಕಿಗಳನ್ನು ಓದುವಾಗ ಎಷ್ಟು ಜನರನ್ನು ಕೇಳಿದರು ಎಂಬುದಕ್ಕಿಂತ ಮೊದಲು ಬೇರೆ ಮೂರು ಪ್ರಶ್ನೆಗಳನ್ನು ಹಾಕಿರಿ. ಯಾರನ್ನು, ಹೇಗೆ ಆರಿಸಿದರು? ಎಷ್ಟು ಮಂದಿ ಉತ್ತರಿಸಲಿಲ್ಲ? ಯಾವಾಗ ಕೇಳಿದರು? ಈ ಮೂರಕ್ಕೂ ಉತ್ತರವಿಲ್ಲದಿದ್ದರೆ, ಅಂಕಿ ಎಷ್ಟೇ ದೊಡ್ಡದಾಗಿರಲಿ, ಅದನ್ನು ಜನರ ಮಾತೆಂದು ನಂಬಬೇಕಾಗಿಲ್ಲ.