ಗ್ರಾಮೀಣ ಮಹಿಳೆಯರ ಕೃಷಿ, ಪೋಷಣೆ ಮತ್ತು ಆಹಾರ ಸಂಸ್ಕರಣಾ ತರಬೇತಿ (ಕರ್ನಾಟಕ)

ಹಳ್ಳಿಯ ಹೆಣ್ಣುಮಕ್ಕಳಿಗೆ ಬೇಸಾಯ, ಪೌಷ್ಟಿಕ ಆಹಾರ ಮತ್ತು ಬೆಳೆದದ್ದರ ಸಂಸ್ಕರಣೆಯಲ್ಲಿ ಸಂಘಟಿತ ತರಬೇತಿ ನೀಡುವ ಕೆಲಸ ಕರ್ನಾಟಕದಲ್ಲಿ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮೊದಲಾಯಿತು. ಬಿತ್ತನೆಯ ಕಾಳು ಆರಿಸಿಡುವುದು, ನಾಟಿ, ಕಳೆ, ಕಾಳು ಹಸನು ಮಾಡುವುದು ಹಿಂದಿನಿಂದಲೂ ಹೆಂಗಸರ ಕೈಯಲ್ಲೇ ಇದ್ದವು. ಆದರೂ ಸರ್ಕಾರ ಅವರನ್ನು ರೈತರೆಂದು ಕರೆದು ಕೂರಿಸಿ ಪಾಠ ಹೇಳಲು ಮೂರು ದಶಕ ಹಿಡಿಯಿತು.

ಕಸ್ತೂರಬಾ ಗಾಂಧಿ 1944ರಲ್ಲಿ ತೀರಿಕೊಂಡ ನಂತರ ಅವರ ಹೆಸರಿನ ಟ್ರಸ್ಟ್ ಹಳ್ಳಿಗಳಿಗಾಗಿ ಗ್ರಾಮಸೇವಿಕೆಯರನ್ನು ತಯಾರು ಮಾಡತೊಡಗಿತು. ಅರಸೀಕೆರೆಯ ಕಸ್ತೂರಬಾ ಗ್ರಾಮ ಆ ಕಾಲದ ನೆನಪು. 1952ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೂ ಗ್ರಾಮಸೇವಿಕೆಯರನ್ನು ನೇಮಿಸಿತು. ಆದರೆ ಬೀಜ, ಗೊಬ್ಬರದ ಮಾತು ಗಂಡಸರ ಸಭೆಗೆ ಹೋಯಿತು. ಹೆಂಗಸರ ಪಾಲಿಗೆ ಬಂದದ್ದು ಹೊಗೆಯಿಲ್ಲದ ಒಲೆ, ಹೊಲಿಗೆ, ಮಕ್ಕಳ ಆರೈಕೆ. ಉಪಯೋಗದ ಪಾಠಗಳೇ ಸರಿ, ಆದರೆ ಅರ್ಧ ಪಾಠ.

1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ನೆಲೆಯೂರಿತು. ಸಂಸ್ಕರಣೆಯ ವಿಜ್ಞಾನಕ್ಕೆ ನಾಡಿನೊಳಗೇ ಒಂದು ನೆಲೆ ಸಿಕ್ಕಿತು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಬಂತು, 1974ರಲ್ಲಿ ಧಾರವಾಡದ ಗ್ರಾಮೀಣ ಗೃಹವಿಜ್ಞಾನ ಕಾಲೇಜು. ಅದೇ 1974ರಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಪುದುಚೇರಿಯಲ್ಲಿ ತೆರೆಯಿತು. ಮುಂದೆ ಕರ್ನಾಟಕದ ಜಿಲ್ಲೆಗಳಿಗೂ ಹರಡಿದ ಈ ಕೇಂದ್ರಗಳಲ್ಲಿ ಬೆಳೆ ತಜ್ಞರ ಜೊತೆಗೆ ಗೃಹವಿಜ್ಞಾನ ತಜ್ಞರಿಗೂ ಜಾಗ ಸಿಕ್ಕಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ತಿ. ನರಸೀಪುರವೂ ಒಂದು. ಪೌಷ್ಟಿಕತೆಯ ಪಾಠ ಅಲ್ಲಿಂದ ಅಂಗನವಾಡಿಯ ಬಾಗಿಲಿಗೆ ಬಂತು.

ಈ ಪಾಠಗಳಲ್ಲಿ ರಾಗಿಯದ್ದೇ ದೊಡ್ಡ ಸ್ಥಾನ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಕಾಳನ್ನು ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಒಣಗಿಸಿ, ಬೇರು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸುವುದು ನಮ್ಮ ತಾಯಂದಿರಿಗೆ ಗೊತ್ತಿದ್ದ ಕೆಲಸ. ತರಬೇತಿ ಅದರ ಕಾರಣ ತಿಳಿಸಿತು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ತೆಳ್ಳಗೇ ಇದ್ದು, ಸಣ್ಣ ಹೊಟ್ಟೆಯ ಕೂಸಿಗೆ ಒಂದೇ ಬಟ್ಟಲಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಹುರಿಯುವಾಗ ಕಾವು ಮೀರಿದರೆ ಕಿಣ್ವ ಕೆಡುತ್ತದೆ, ಮೊಳಕೆ ಕಟ್ಟಿದ ಶ್ರಮವೂ ಹಾಳು. ತಿಳಿದ ಕೆಲಸದಿಂದಲೇ ಹೊರಟ ಇಂಥ ಪಾಠ ಮನೆಗಳಲ್ಲಿ ಉಳಿದುಕೊಂಡಿತು.

ನಿಜವಾದ ತಿರುವು 1982ರ ಹೊತ್ತಿಗೆ ಡೆನ್ಮಾರ್ಕಿನ ನೆರವಿನಿಂದ ಕೃಷಿ ಇಲಾಖೆ ಹಮ್ಮಿಕೊಂಡ ಮಹಿಳಾ ಮತ್ತು ಯುವಜನ ತರಬೇತಿ ಯೋಜನೆ. ಸಣ್ಣ ಹಿಡುವಳಿಯ ಮನೆಗಳ ಹೆಂಗಸರಿಗೆ ಬೇಸಾಯವನ್ನೇ ಕಲಿಸಲು ಅದು ಮುಂದಾಯಿತು. ಬೆಲ್ಲದ ಪಾಕ ಆರಿಸಿ, ರೈಜೋಬಿಯಂ ಬೆರೆಸಿ, ತೊಗರಿ ಬೀಜಕ್ಕೆ ಲೇಪಿಸಿ ನೆರಳಲ್ಲಿ ಆರಹಾಕುವ ಬೀಜೋಪಚಾರದಂಥ ಕೆಲಸಗಳು ದುಬಾರಿಯಲ್ಲ, ಮನೆಯಂಗಳದಲ್ಲೇ ಮಾಡುವಂಥವು. ತಮಿಳುನಾಡು, ಒಡಿಶಾ, ಮಧ್ಯಪ್ರದೇಶಗಳಲ್ಲಿ ಇದೇ ಮಾದರಿಯ ಯೋಜನೆಗಳು ಬಂದವು.

2000ದಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳಿಂದ ತರಬೇತಿಗೆ ಉಳಿತಾಯ, ಸಾಲದ ಬಲ ಕೂಡಿತು. ರೊಟ್ಟಿ, ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಸಂತೆ, ಮೇಳಗಳಿಗೆ ಬಂದವು. 2006ರ ಆಹಾರ ಸುರಕ್ಷತಾ ಕಾಯ್ದೆಯ ನಂತರ ಲೇಬಲ್, ನೋಂದಣಿಯೂ ಪಾಠದ ಭಾಗವಾದವು. 2020ರ ಕಿರು ಆಹಾರ ಸಂಸ್ಕರಣಾ ಯೋಜನೆ ಘಟಕದ ವೆಚ್ಚದಲ್ಲಿ ಶೇ. 35ರಷ್ಟು, 10 ಲಕ್ಷ ರೂಪಾಯಿ ಮಿತಿಯಲ್ಲಿ, ಸಹಾಯಧನ ನೀಡುತ್ತದೆ. ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಮೂಲ ಬಂಡವಾಳ.

ಕಲಿಕೆಯಷ್ಟು ವೇಗವಾಗಿ ಭೂಮಿಯ ಹಕ್ಕು ಬರಲಿಲ್ಲ. 2015–16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಶೇ. 14ರಷ್ಟು ಮಾತ್ರ. ಪಹಣಿಯಲ್ಲಿ ಹೆಸರಿಲ್ಲದವರಿಗೆ ಬೆಳೆಸಾಲ, ಬೆಳೆವಿಮೆ ಸುಲಭವಾಗಿ ದಕ್ಕುವುದಿಲ್ಲ.